ಇಪ್ಪತ್ನಾಲ್ಕು ಮಚ್ಚೆ

"ನಿನ್ನ ಮಗಳ ಮಾರಿ ಏನ್ ಕುರುಗೋಡು ದೊಡ್ಡ ಬಸವಣ್ಣನ ಮಾರಿ ಏನ್ ಬೇ, ಯಾರೂ ಮುಟ್ಟಬಾರ್ದು ಅನ್ನಾಕ?" ಚನ್ನಬಸವರಾಜ ಬಾಯಲ್ಲಿದ್ದ ಗುಟ್ಕಾವನ್ನು ಶೆಡ್ಡಿನ ಮೂಲೆಗೆ ಉಗಿದು ಮತ್ತೆ ಶುರು ಮಾಡಿದ. "ಬೊಂಬಿ ಅಂದಮ್ಯಾಲ ಉಡಸ್ತಾರ, ಬಿಚ್ತಾರ. ಬಿಚ್ಚಬಾರ್ದು ಅಂದ್ರ ಗುಡ್ಯಾಗ ಕೂಡಸಬೇಕು. ಕಿಳ್ಳೇಕ್ಯಾತರ ಹುಡುಗೀನ್ನ ಯಾವ ಸೂಳಿಮಗ ಗುಡ್ಯಾಗ ಕೂಡಸ್ತಾನ?"

ಜಡೆಮ್ಮ ಕುಂಚ ಎತ್ತಲಿಲ್ಲ. ಬೊಂಬೆಯ ಎಡಗಣ್ಣಿನ ಕೆಳರೆಪ್ಪೆ ಅರ್ಧ ಆಗಿತ್ತು. ನಾಲ್ಕೇ ಕೂದಲಿನ ಕುಂಚ ಅದು. ಕೈ ಒಂದಿಷ್ಟು ಅಲುಗಿದರೆ ಬೊಂಬೆ ಮೆಳ್ಳಗಣ್ಣಾಗಿ ಅಂಗಡಿಗೆ ಹೋಗುತ್ತದೆ, ಬೈಗುಳ ಮಾತ್ರ ತಿರುಗಿ ಅವಳಿಗೇ ಬರುತ್ತದೆ. ರೆಪ್ಪೆ ಮುಗಿಸಿ, ಕುಂಚವನ್ನು ಸೆರಗಿಗೆ ಒರೆಸಿ, ಆಮೇಲೆ ಬಾಯಿ ತೆರೆದಳು.

"ಬ್ಯಾಡ ಅನ್ನಾಕತ್ತಿಲ್ಲ ದಣಿ. ಮಾರಿ ಅಷ್ಟ ಬದ್ಲಿ ಮಾಡ್ರಿ. ಮೊದಲಿನ ಬಾಂಬೆ ಮಾರಿ ಹಾಕ್ರಿ. ಇಪ್ಪತ್ನಾಲ್ಕೂ ನಾನ ಕುಂತು ಮಾಡಿಕೊಡ್ತೀನಿ, ಕೂಲಿ ಬ್ಯಾಡ."

ದಣಿ ನಕ್ಕ. ಬದಲಿ ಮಾಡುವುದು ಹಾಗಿರಲಿ, ಸಿರುಗುಪ್ಪದ ಬಟ್ಟೆ ಅಂಗಡಿಯ ಮರಿಬಸಪ್ಪ ಸಾಹುಕಾರ ಅದೇ ಮುಖದ್ದು ಇನ್ನೂ ನಲವತ್ತು ಕೇಳಿದ್ದಾನಂತೆ. ಕೆನ್ನೆಯ ಮಚ್ಚೆ ಸಮೇತ. ಮಚ್ಚೆ ನೋಡಿಯೇ ಗಿರಾಕಿ ನಿಲ್ಲುತ್ತದಂತೆ.

ಕೌಲ್ ಬಜಾರಿನ ಆ ತಗಡಿನ ಶೆಡ್ಡಿನಲ್ಲಿ ಮೊದಲು ಬಟ್ಟೆ ಅಂಗಡಿಯ ಬೊಂಬೆಗಳ ಬರೀ ಕಾಲುಗಳು ತಯಾರಾಗುತ್ತಿದ್ದವು. ಬಳ್ಳಾರಿ ಎಂದರೆ ಜೀನ್ಸ್ ಹೊಲಿಯುವ ಊರು. ಪ್ಯಾಂಟು ತೋರಿಸಲು ಸೊಂಟದ ಕೆಳಗಿನದು ಸಾಕು, ತಲೆ ಯಾರಿಗೆ ಬೇಕು? ಆಮೇಲೆ ಸೀರೆ ಅಂಗಡಿಗಳು ದೊಡ್ಡವಾದವು, ಇಡೀ ಹೆಂಗಸು ಬೇಕಾದಳು. ಚನ್ನಬಸವರಾಜ ಬಾಂಬೆಯಿಂದ ಒಂದೇ ಒಂದು ಬೊಂಬೆ ತರಿಸಿ, ಅದರ ಮೇಲೆ ಅಚ್ಚು ತೆಗೆದ. ಆ ಬಾಂಬೆಯದೂ ಯಾವುದೋ ದೇಶದ ಬೊಂಬೆಯ ಮೇಲೆ ಕದ್ದ ಅಚ್ಚೇ. ಹೀಗೆ ಯಾವಳೋ ಬಿಳಿಯವಳ ಉದ್ದ ಮೂಗು ಹದಿನೈದು ವರ್ಷ ಹೊಸಪೇಟೆಯಿಂದ ಆದೋನಿಯವರೆಗೆ ಇಳಕಲ್ ಸೀರೆ ಉಟ್ಟುಕೊಂಡು ನಿಂತಿತು.

ಜಡೆಮ್ಮನ ಮನೆತನ ಈ ಕಸುಬಿಗೆ ಬಿದ್ದದ್ದೂ ಒಂದು ಮೂಗಿನಿಂದಲೇ. ಅವರು ತೊಗಲುಬೊಂಬೆ ಆಡಿಸುವ ಕಿಳ್ಳೇಕ್ಯಾತರು. ಆಟ ನೋಡುವವರು ಟಿ.ವಿ. ಮುಂದೆ ಕೂತ ಮೇಲೆ ಅವಳ ಮಾವ ಹೊಟ್ಟೆಪಾಡಿಗೆ ಬಳ್ಳಾರಿಗೆ ಬಂದ. ಹಳೆಯ ಜವಳಿ ಅಂಗಡಿಯೊಂದರಲ್ಲಿ ಮದ್ರಾಸಿನ ಕಾಲದ ಗಾರೆಯ ಬೊಂಬೆ ಇತ್ತು, ಎತ್ತಲು ಇಬ್ಬರು ಬೇಕು ಅಂಥದ್ದು. ಅದರ ಮುರಿದ ಮೂಗನ್ನು ಮುದುಕ ಒಂದು ಗಳಿಗೆಯಲ್ಲಿ ಕೂಡಿಸಿಕೊಟ್ಟ. ಅಲ್ಲಿಂದ ಮಗ, ಮಗನಿಂದ ಸೊಸೆ. ಜಡೆಮ್ಮನ ಗಂಡ ಮಾರೆಣ್ಣ ಫೈಬರ್ ಮೈಯನ್ನು ಪಾಲಿಶ್ ಪೇಪರಿನಿಂದ ಉಜ್ಜುತ್ತಿದ್ದ. ಆ ಧೂಳನ್ನು ಕುಡಿದು ಕುಡಿದು ಮೂರು ವರ್ಷದ ಹಿಂದೆ ಕೆಮ್ಮುತ್ತಲೇ ಸತ್ತ. ಅವನ ಪಾಲಿನ ಉಜ್ಜುವ ಕೆಲಸವೂ ಈಗ ಜಡೆಮ್ಮನದೇ. ಪಾಲಿಶ್ ಪೇಪರನ್ನು ಮೂರು ಮಡಿಕೆ ಮಾಡಿ ಬೆರಳಿಗೆ ಸಿಕ್ಕಿಸಿಕೊಳ್ಳುವುದನ್ನು ಗಂಡನಿಂದಲೇ ಕಲಿತಿದ್ದಳು.

ತೊಗಲುಬೊಂಬೆಯವರಿಗೆ ಮೂರು ಕಟ್ಟಳೆ. ಕಣ್ಣನ್ನು ಎಲ್ಲಕ್ಕಿಂತ ಕೊನೆಗೆ ಕೊರೆಯಬೇಕು. ಅಲ್ಲಿಯವರೆಗೆ ಅದು ತೊಗಲು, ಕಣ್ಣು ಬಿಟ್ಟ ಮೇಲೆ ಜೀವ. ಹರಿದ ಬೊಂಬೆಯನ್ನು ತಿಪ್ಪೆಗೆ ಎಸೆಯಬಾರದು. ಒಂದು ಹಿಡಿ ಅಕ್ಕಿ ಹಾಕಿ ತುಂಗಭದ್ರೆಗೆ ಬಿಡಬೇಕು, ಮನೆಯ ಹೆಣವನ್ನು ಕಳಿಸಿದ ಹಾಗೆ. ಮೂರನೆಯದು, ಬದುಕಿರುವವರ ಮುಖವನ್ನು ಬೊಂಬೆಗೆ ಕೊಡಬಾರದು.

ಮೂರನೆಯದನ್ನು ಜಡೆಮ್ಮ ಮುರಿದಳು. ಯಾರೂ ಕೈ ಹಿಡಿದು ಮುರಿಸಲಿಲ್ಲ. ಸಿರುಗುಪ್ಪದ ಹೆಂಗಸರು ಬಿಳಿ ಮುಖದ ಬೊಂಬೆ ನೋಡಿ ನಗುತ್ತಾರೆ, ನಮ್ಮ ಕಡೆಯ ಹೆಣ್ಣಿನ ಮುಖ ಬೇಕು ಎಂದು ದಣಿ ಅಂದಾಗ, ತಾಯಿ ಅನ್ನಿಸಿಕೊಂಡವಳು ಉಬ್ಬಿ ಹೋದಳು. ನನ್ನ ಮಗಳ ಮುಖಕ್ಕೇನು ಕಡಿಮೆ ಎಂದುಕೊಂಡಳು. ಇದು ತೊಗಲಲ್ಲವಲ್ಲ, ಫೈಬರ್ ತಾನೇ ಎಂದು ತನಗೆ ತಾನೇ ನ್ಯಾಯ ಹೇಳಿಕೊಂಡಳು. ಬಿ.ಕಾಂ. ಓದುತ್ತಿದ್ದ ನಂದಿನಿ ಕಾಲೇಜಿನ ರಜೆಯಲ್ಲಿ ಕುರುಗೋಡಿನಿಂದ ತಾಯಿಯ ಜೊತೆ ಬಸ್ಸು ಹತ್ತಿ ಬಂದು, ಶೆಡ್ಡಿನ ಬೆಂಚಿನ ಮೇಲೆ ಅಂಗಾತ ಮಲಗಿದಳು. ಹುಬ್ಬಿಗೆ ವ್ಯಾಸಲೀನ್ ಹಚ್ಚಿ, ಮೂಗಿಗೆ ಎರಡು ಕೊಳವೆ ಇಟ್ಟು, ಮುಖದ ತುಂಬ ಪ್ಲಾಸ್ಟರ್ ಮೆತ್ತಿದವಳು ಜಡೆಮ್ಮನೇ. ಇಪ್ಪತ್ತು ನಿಮಿಷ ನಗಬೇಡ ಎಂದರೆ ಹುಡುಗಿಯ ಕಾಲ್ಬೆರಳುಗಳು ನಗುತ್ತಿದ್ದವು.

ಅಚ್ಚಿಗೆ ಮೂಗು ಸಿಗುತ್ತದೆ, ಗದ್ದ ಸಿಗುತ್ತದೆ, ಬಣ್ಣ ಸಿಗುವುದಿಲ್ಲ. ನಂದಿನಿಯ ಎಡಗಣ್ಣಿನ ಕೆಳಗೆ ಸಾಸಿವೆಯಷ್ಟು ಒಂದು ಮಚ್ಚೆ. ಮೊದಲನೆಯ ಬೊಂಬೆಗೆ ಕಣ್ಣು ಬರೆದು ಮುಗಿಸಿದ ಜಡೆಮ್ಮನ ಕೈ ತಾನಾಗಿಯೇ ಆ ಮಚ್ಚೆಯನ್ನೂ ಇಟ್ಟಿತು. ಅದಿಲ್ಲದಿದ್ದರೆ ಮುಖ ಮುಗಿದಂತೆಯೇ ಅನ್ನಿಸಲಿಲ್ಲ. ಎರಡನೆಯದಕ್ಕೂ ಇಟ್ಟಳು. ಇಪ್ಪತ್ನಾಲ್ಕಕ್ಕೂ ಇಟ್ಟಳು. ಬೇರೆ ಯಾವ ಪೇಂಟರ್ ಆಗಿದ್ದರೂ ಇಡುತ್ತಿರಲಿಲ್ಲ, ಮುಖವನ್ನು ಯಾರೂ ಗುರುತಿಸುತ್ತಲೂ ಇರಲಿಲ್ಲ.

ಸೀರೆ ಉಟ್ಟಿರುವವರೆಗೆ ಎಲ್ಲ ಚೆನ್ನಾಗಿತ್ತು. ತಾಯಿ ಮಗಳು ಸಿರುಗುಪ್ಪಕ್ಕೆ ಹೋಗಿ, ಗಾಜಿನ ಮುಂದೆ ನಿಂತು ಫೋಟೋ ಕೂಡ ತೆಗೆಸಿಕೊಂಡು ಬಂದಿದ್ದರು. ಆಮೇಲೆ ಮರಿಬಸಪ್ಪ ಆರು ಬೊಂಬೆಗಳನ್ನು ಸಿಂಧನೂರಿನ ತನ್ನ ಹೊಸ ಅಂಗಡಿಗೆ ಕಳಿಸಿದ. ಉಳಿದ ಹದಿನೆಂಟರ ಸೀರೆ ಬಿಚ್ಚಿ, ಒಳಉಡುಪು ತೊಡಿಸಿ, ಮುಖ್ಯರಸ್ತೆಗೆ ಕಾಣುವ ಹಾಗೆ ಮೊದಲನೇ ಮಹಡಿಯ ಗಾಜಿನಲ್ಲಿ ಸಾಲಾಗಿ ನಿಲ್ಲಿಸಿದ. ಕುರುಗೋಡಿನವನೇ ಒಬ್ಬ ಪುಂಡ ಅಂಗಡಿಗೆ ಹೋದವನು ಒಂದು ಬೊಂಬೆಯನ್ನು ಹಿಂದಿನಿಂದ ತಬ್ಬಿ, ಎಲ್ಲೆಲ್ಲೋ ಕೈ ಆಡಿಸಿ, ಗೆಳೆಯನಿಂದ ವಿಡಿಯೋ ಮಾಡಿಸಿದ. ಕೆಳಗೆ "ನಮ್ಮೂರ ನಂದಿನಿ" ಎಂದು ಬರೆದು ಊರಿಗೆಲ್ಲ ಹರಿಬಿಟ್ಟ. ಊರ ಬಾಯಿಗೆ ಮೊದಲೇ ಬೀಗವಿಲ್ಲ, ಈಗ ಕೈಗೆ ಮೊಬೈಲ್ ಬೇರೆ. ಬಸ್ ನಿಲ್ದಾಣದಲ್ಲಿ ಹುಡುಗರು ನಂದಿನಿಗೆ ಅಳತೆ ಕೇಳಿದರು. ಅವಳು ಕಾಲೇಜು ಬಿಟ್ಟಳು. ನೀರಿಗೆ ಹೋಗುವುದು ಬಿಟ್ಟಳು. ಹತ್ತೊಂಬತ್ತು ದಿನದಿಂದ ಹೊಸ್ತಿಲು ದಾಟಿರಲಿಲ್ಲ.

ದಣಿಯ ಹತ್ತಿರ ಆಗಲಿಲ್ಲವೆಂದು ಜಡೆಮ್ಮ ಸಿರುಗುಪ್ಪದ ಸಾಹುಕಾರನ ಹತ್ತಿರ ಹೋದಳು. ಮರಿಬಸಪ್ಪ ಹಣೆ ತುಂಬ ವಿಭೂತಿ ಬಳಿದುಕೊಂಡು ಗಲ್ಲೆಯ ಮೇಲೆ ಕೂತಿದ್ದ. ಅವಳು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈ ಮುಗಿದು, ಬಂದ ಕಾರಣ ಹೇಳಿದಳು. ಅವನು ಪೂರ್ತಿ ಕೇಳಿಸಿಕೊಂಡ. ಕೇಳಿಸಿಕೊಂಡು ಅಂಗಡಿಯ ಕೆಲಸದವರನ್ನೆಲ್ಲ ಕೂಗಿ ಕರೆದ.

"ಬರ್ರಿ, ಎಲ್ಲಾರೂ ಬರ್ರಿ. ಬೊಂಬಿಗಳ ಅವ್ವ ಬಂದಾಳ. ಬೀಗತಿಗೆ ಚಾ ತರಸ್ರಿ, ಅರಿಷಿಣ ಕುಂಕುಮ ಕೊಡ್ರಿ."

ನಗು ಎದ್ದಿತು. ಸುಧಾರಾಣಿ ಎಂಬ ಸೇಲ್ಸ್ ಹುಡುಗಿ ಒಬ್ಬಳೇ ತಲೆ ತಗ್ಗಿಸಿ ಮಡಿಸಿದ್ದ ಬಟ್ಟೆಯನ್ನೇ ಮತ್ತೆ ಮಡಿಸತೊಡಗಿದಳು. ಸಾಹುಕಾರ ಎದ್ದು ಜಡೆಮ್ಮನನ್ನು ಮಹಡಿಗೆ ಕರೆದುಕೊಂಡು ಹೋದ. ಹದಿನೆಂಟು ನಂದಿನಿಯರು ಬರೀ ಕಾಚ ಬಾಡಿಯಲ್ಲಿ ರಸ್ತೆಗೆ ಮುಖ ಮಾಡಿ ನಿಂತಿದ್ದರು. ಒಂದರ ಕೆನ್ನೆಯನ್ನು, ಸರಿಯಾಗಿ ಮಚ್ಚೆಯ ಮೇಲೆಯೇ, ಎರಡು ಬೆರಳಿನಿಂದ ಹಿಂಡಿ, "ನೋಡು, ಅಳ್ತೈತೇನು? ಅಳಂಗಿಲ್ಲ. ಹಂಗಾರ ನಿನ್ನ ಮಗಳು ಯಾಕ ಅಳ್ತಾಳ? ರೊಕ್ಕ ಕೊಟ್ಟು ತಂದೀನಿ. ಮಾರಿ ನಂದು, ಮೈನೂ ನಂದು" ಎಂದ.

ಅಲ್ಲಿಂದ ಠಾಣೆಗೆ ಹೋದಳು. ರೈಟರ್ ವಿಡಿಯೋವನ್ನು ಎರಡು ಸಲ ನೋಡಿದ. ಎರಡನೆಯ ಸಲ ಬೇಕಾಗಿರಲಿಲ್ಲ. ಪಕ್ಕದ ಪೇದೆಗೂ ತೋರಿಸಿದ ಮೇಲೆ ಕೇಳಿದ: "ಬೊಂಬಿ ಬಟ್ಟಿ ಹಾಕ್ಕಂಡಿಲ್ಲ ಅಂತ ಕಂಪ್ಲೇಂಟ್ ಬರಕೋಬೇಕೇನು? ಆ ಹುಡುಗ ಮುಟ್ಟಿದ್ದು ಬೊಂಬೀನ್ನ, ನಿನ್ನ ಮಗಳನ್ನಲ್ಲ. ಬೊಂಬಿಗೆ ಜೀವ ಐತೇನು? ಜೀವ ಇಲ್ಲದ್ದಕ್ಕ ಕೇಸ್ ಇಲ್ಲ, ಹೋಗಮ್ಮ."

ಅವಳು ಕುರುಗೋಡಿಗೆ ಬಂದು ಇಳಿದಾಗ ಇನ್ನೂ ಬಿಸಿಲಿತ್ತು. ಮನೆಯ ಬಾಗಿಲು ಮುಂದೆ ಮಾಡಿತ್ತು. ನಂದಿನಿ ಬಚ್ಚಲಿನಲ್ಲಿ ನೀರಿನ ಕೊಡದ ಮುಂದೆ ಕುಕ್ಕುರುಗಾಲಲ್ಲಿ ಕೂತು, ಗೋಡೆಗೆ ಒರಗಿಸಿದ ಕನ್ನಡಿಯಲ್ಲಿ ನೋಡಿಕೊಳ್ಳುತ್ತ ಕೆನ್ನೆ ಉಜ್ಜುತ್ತಿದ್ದಳು. ಮೊದಲು ಜಡೆಮ್ಮನಿಗೆ ಸೋಪು ಹಚ್ಚುತ್ತಿದ್ದಾಳೆ ಅನ್ನಿಸಿತು. ಹತ್ತಿರ ಹೋದಳು. ಮಗಳ ಬೆರಳಿನಲ್ಲಿದ್ದದ್ದು ಪಾಲಿಶ್ ಪೇಪರ್. ಫೈಬರ್ ಮೈಯನ್ನು ಉಜ್ಜುವ ದಪ್ಪ ಮರಳಿನದು, ಮೂರು ಮಡಿಕೆ ಮಾಡಿದ್ದು. ಎಡಗಣ್ಣಿನ ಕೆಳಗೆ ರೂಪಾಯಿ ಅಗಲ ಚರ್ಮ ಇರಲಿಲ್ಲ. ರಕ್ತ ಗದ್ದದಿಂದ ಕೊಡದ ನೀರಿಗೆ ಇಳಿಯುತ್ತಿತ್ತು.

ನಂದಿನಿ ತಿರುಗಿ, ಬೆಳಕಿಗೆ ಮುಖ ಒಡ್ಡಿ, ಶಾಲೆಯಲ್ಲಿ ಪಾಟಿ ತೋರಿಸುವ ಹುಡುಗಿಯಂತೆ ಕೇಳಿದಳು: "ಅವ್ವಾ, ಹೋತೇನು ನೋಡು."

ಜಡೆಮ್ಮ ಅರಿಷಿಣ ಹಚ್ಚಿದಳು, ಬಟ್ಟೆ ಕಟ್ಟಿದಳು, ಕೂಗಾಡಲಿಲ್ಲ. ಗಂಡ ಸತ್ತ ಮೇಲೂ ಆ ಪೇಪರನ್ನು ಮನೆಗೆ ತಂದವಳು ತಾನು. ಅಚ್ಚು ತೆಗೆದವಳು ತಾನು, ಮಚ್ಚೆ ಇಟ್ಟವಳು ತಾನು. ಬೈಯಬೇಕೆಂದರೆ ಯಾರನ್ನು ಬೈಯುವುದು? ಮಗಳು ನಿದ್ದೆ ಹೋದ ಮೇಲೆ ರಕ್ತ ಒಣಗಿದ ಪೇಪರನ್ನು ಎತ್ತಿ ತನ್ನ ಕುಂಚಗಳ ಜೊತೆ ಇಟ್ಟಳು.

ಆ ವಾರವೇ ದಸರಾ ಮಾರಾಟಕ್ಕೆಂದು ಸಿರುಗುಪ್ಪದಿಂದ ಕರೆ ಬಂತು. ಬಿಸಿಲಿಗೆ ಬೊಂಬೆಗಳ ರೆಪ್ಪೆ ಉದುರಿವೆ, ಕಣ್ಣು ಮಾಸಿವೆ, ಬರೆಯುವವಳನ್ನು ಕಳಿಸಿ ಎಂದು. ಆ ಹೆಂಗಸು ಒಲ್ಲೆ ಅಂದಾಳು ಎಂದು ಬೈಗುಳವನ್ನು ನಾಲಿಗೆಯ ತುದಿಗೆ ತಂದುಕೊಂಡಿದ್ದ ಚನ್ನಬಸವರಾಜ, ಜಡೆಮ್ಮ ಆಗಲಿ ದಣಿ ಎಂದಾಗ ಅದನ್ನು ನುಂಗಿಕೊಳ್ಳಬೇಕಾಯಿತು. ಬುದ್ಧಿ ಬಂತಲ್ಲ ಎಂದು ಮೆಚ್ಚಿಕೊಂಡ. ಅವಳು ಶೆಡ್ಡಿನ ಹಿಂದೆ ಹೋಗಿ ಕುಂಚ, ಬಣ್ಣ, ಥಿನ್ನರ್ ಎಲ್ಲ ಚೀಲಕ್ಕೆ ತುಂಬಿಕೊಂಡು, ಮಾಲು ಸಾಗಿಸುವ ಕೆಂಚಣ್ಣನ ಆಟೋ ಹತ್ತಿದಳು. ಚೀಲ ಎತ್ತಿಕೊಡಲು ಬಂದ ಕೆಂಚಣ್ಣ ಇದೇನು ಜಡೆಕ್ಕ ಇಷ್ಟು ಭಾರ ಎಂದ. ಬಣ್ಣದ ಡಬ್ಬಿ ಎಂದಳು. ಸೆರಗಿನ ತುದಿಯಲ್ಲಿ ಅಕ್ಕಿ ಕಟ್ಟಿಕೊಂಡಿದ್ದನ್ನು ಅವನು ನೋಡಲಿಲ್ಲ.

ಬೊಂಬೆಗಳ ಬಟ್ಟೆ ಬದಲಿಸುವ ದಿನ ಅಂಗಡಿಯವರು ಗಾಜಿಗೆ ಪತ್ರಿಕೆ ಅಂಟಿಸುತ್ತಾರೆ. ಬದುಕಿರುವ ಹುಡುಗಿಗೆ ಸಿಗದ ಮರ್ಯಾದೆ ಅದು. ಬೆಳಿಗ್ಗೆ ಹತ್ತಕ್ಕೆ ಜಡೆಮ್ಮ ಪತ್ರಿಕೆಯ ಮರೆಯಲ್ಲಿ ಒಬ್ಬಳೇ ಹದಿನೆಂಟು ಬೊಂಬೆಗಳ ಮುಂದೆ ಕೂತಳು. ಕುಂಚ ಹೊರಗೆ ತೆಗೆಯಲಿಲ್ಲ. ರಕ್ತದ ಕಲೆಯಿದ್ದ ಪೇಪರನ್ನು ಮೂರು ಮಡಿಕೆ ಮಾಡಿ ಮೊದಲನೆಯದರ ಮಚ್ಚೆಯ ಮೇಲೆ ಇಟ್ಟಳು. ಮಚ್ಚೆ ಹೋಯಿತು. ಎಡಗಣ್ಣು, ಬಲಗಣ್ಣು, ತುಟಿ. ಬಣ್ಣ ಹೋಗಿ ಬಿಳಿ ಪುಟ್ಟಿ ಬಂತು, ಪುಟ್ಟಿ ಹೋಗಿ ಫೈಬರಿನ ಎಳೆ ಬಂತು, ಮೂಗಿನ ತುದಿ ತೇದು ಹೋಯಿತು. ಕಾಲ ಬಳಿ ನಾಲ್ಕು ಕಾಳು ಅಕ್ಕಿ ಇಟ್ಟು, ತಪ್ಪಾತು ತಾಯಿ, ಹೋಗು, ಎಂದಳು. ಮುಂದಿನದಕ್ಕೆ ಸರಿದಳು.

ನಡುವೆ ಸುಧಾರಾಣಿ ಚಹಾ ಹಿಡಿದುಕೊಂಡು ಬಂದಳು. ಏಳು ಬೊಂಬೆಗಳಿಗೆ ಆಗಲೇ ಮುಖವಿರಲಿಲ್ಲ. ಹುಡುಗಿ ನೋಡಿದಳು. ಚಹಾ ಕೆಳಗಿಟ್ಟು, ಹೊರಗೆ ಹೋಗಿ, ಯಾರಿಗೂ ಏನೂ ಹೇಳದೆ ಬಾಗಿಲು ಎಳೆದುಕೊಂಡಳು.

ಹದಿನೆಂಟನೆಯದರ ಮುಂದೆ ಜಡೆಮ್ಮನ ಕೈ ನಿಂತಿತು. ಬೆರಳ ತುದಿ ಒಡೆದು ಉರಿಯುತ್ತಿತ್ತು, ಅದಕ್ಕಲ್ಲ. ಇದೊಂದೇ ಉಳಿದಿತ್ತು, ಇದರಲ್ಲಿ ನಂದಿನಿ ಬೆಂಚಿನ ಮೇಲೆ ನಗು ತಡೆದುಕೊಂಡು ಮಲಗಿದ ದಿನದ ಮುಖವಿತ್ತು. ಮನೆಯಲ್ಲಿರುವ ಹುಡುಗಿಗೆ ಆ ಮುಖ ಇನ್ನು ತಿರುಗಿ ಬರುವುದಿಲ್ಲ. ಜಡೆಮ್ಮ ಬೊಂಬೆಯ ಭುಜಕ್ಕೆ ತಲೆ ಕೊಟ್ಟು ಅತ್ತಳು, ಮನದಣಿಯೆ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಅದರದೂ ಕಣ್ಣು ಅಳಿಸಿದಳು. ಗಾಜಿನ ಪತ್ರಿಕೆಗಳನ್ನು ತಾನೇ ಹರಿದು ಹಾಕಿದಳು.

ಸಂತೆಗೆ ಬಂದ ಮಂದಿ ರಸ್ತೆಯಲ್ಲಿ ನಿಂತರು. ಮೊಬೈಲುಗಳು ಎದ್ದವು. ಮರಿಬಸಪ್ಪ ಏದುಸಿರು ಬಿಡುತ್ತ ಮಹಡಿ ಹತ್ತಿ ಬಂದವನೇ ಅವಳ ತುರುಬು ಹಿಡಿದು, "ಏನ್ ಮಾಡಿದೀಲೇ ರಂಡೆ" ಎಂದು ಎರಡೂ ಕೆನ್ನೆಗೆ ಬಾರಿಸಿದ. ಹಿಡಿದ ತುರುಬು ಬಿಡದೆ ಇನ್ನೊಂದು ಕೈಯಲ್ಲಿ ಚನ್ನಬಸವರಾಜನಿಗೆ ಫೋನ್ ಹಚ್ಚಿದ. ಸ್ಪೀಕರಿನಲ್ಲಿ ದಣಿಯ ದನಿ ಎಲ್ಲರಿಗೂ ಕೇಳಿಸಿತು. ಸಾವ್ಕಾರ್ರ ಗಾಬರಿ ಆಗಬ್ಯಾಡ್ರಿ, ಅಚ್ಚು ಐತಿ, ವಾರದಾಗ ಮತ್ತ ಹದಿನೆಂಟು ನಿಂದರಸ್ತೀನಿ ಎನ್ನುತ್ತಿತ್ತು.

"ಅಚ್ಚು ಇಲ್ಲೈತಿ ದಣಿ" ಎಂದಳು ಜಡೆಮ್ಮ.

ಚೀಲದಿಂದ ಎರಡೂ ಕೈಯಲ್ಲಿ ಪ್ಲಾಸ್ಟರಿನ ಅಚ್ಚನ್ನು ಎತ್ತಿದಳು. ಹೊಳೆಗೆ ಬಿಡಬೇಕೆಂದು ತಂದದ್ದು. ಹೊಳೆಯವರೆಗೆ ಇವರು ಬಿಡುವುದಿಲ್ಲ ಎಂದು ಈಗ ತಿಳಿದಿತ್ತು. ಅಚ್ಚಿನ ತಗ್ಗಿನಲ್ಲಿ, ಮಗಳ ಬಾಯಿ ಇದ್ದಲ್ಲಿ, ಒಂದು ಹಿಡಿ ಅಕ್ಕಿ ಹಾಕಿದಳು. ಹಾಕಿ, ಗ್ರಾನೈಟ್ ನೆಲಕ್ಕೆ ಅಪ್ಪಳಿಸಿದಳು. ಅಕ್ಕಿ ಸಾಹುಕಾರನ ಕಾಲಿನವರೆಗೆ ಚೆಲ್ಲಿತು. ಒಡೆದ ಸದ್ದು ಫೋನಿನಾಚೆಗೂ ಕೇಳಿಸಿತು. ಆಮೇಲೆ ದಣಿ, ಇರ್ಲಿ ಬಿಡ್ರಿ, ಸಿಂಧನೂರಾಗ ಆರು ಅದಾವಲ್ಲ, ಅದರ ಮ್ಯಾಲೆ ಹೊಸ ಅಚ್ಚು ತೆಗಿತೀನಿ, ನಾಳೆ ಮಂದಿ ಕಳಸ್ತೀನಿ ಎಂದ.

ಠಾಣೆಯಲ್ಲಿ ಅದೇ ರೈಟರ್ ಇದ್ದ. ಈ ಸಲ ಕಾಗದ ಕೇಳುವ ಮೊದಲೇ ಬಂತು, ಪೆನ್ನು ತಡವರಿಸಲಿಲ್ಲ. ಬೊಂಬೆ ಹದಿನೆಂಟು, ಅಚ್ಚು ಒಂದು, ಅಂಗಡಿಗೆ ಆದ ಅವಮಾನ ಬೇರೆ. ಗೋಡೆಗೆ ಒರಗಿ ಕುಕ್ಕರಿಸಿದ ಜಡೆಮ್ಮ, ತುಟಿ ಒಡೆದು ಬಾತಿದ್ದರೂ, ಕೇಳದೆ ಇರಲಾರದೆ ಕೇಳಿದಳು.

"ಅವತ್ತು ಜೀವ ಇಲ್ಲದ್ದಕ್ಕ ಕೇಸ್ ಇಲ್ಲ ಅಂದಿದ್ರಲ್ರಿ ಸಾಹೇಬ್ರ."

ರೈಟರ್ ಬರೆಯುತ್ತಲೇ ಹೇಳಿದ, "ಜೀವ ಇಲ್ಲ ಖರೆ. ಮಾಲಕ ಅದಾನ."

ಸಂಜೆ ಐದರ ಹೊತ್ತಿಗೆ ಬಾಗಿಲಲ್ಲಿ ನಂದಿನಿ ನಿಂತಿದ್ದಳು. ಮುಖವಿಲ್ಲದ ಬೊಂಬೆಗಳ ವಿಡಿಯೋ ಕುರುಗೋಡನ್ನು ಬಸ್ಸಿಗಿಂತ ಮುಂಚೆ ಮುಟ್ಟಿತ್ತು. ಕೆನ್ನೆಗೆ ಬಟ್ಟೆ ಇರಲಿಲ್ಲ, ತಲೆಯ ಮೇಲೆ ದುಪಟ್ಟಾ ಇರಲಿಲ್ಲ. ಕಣ್ಣಿನ ಕೆಳಗಿನ ಗಾಯ ಹಕ್ಕಳೆಗಟ್ಟಿ ಕಪ್ಪಾಗಿತ್ತು, ಮಚ್ಚೆಗಿಂತ ಹತ್ತು ಪಟ್ಟು ದೊಡ್ಡದಾಗಿ. ಇಪ್ಪತ್ತಾರು ದಿನದ ಮೇಲೆ ಹೊಸ್ತಿಲು ದಾಟಿದವಳು ಆ ಮುಖ ಹೊತ್ತುಕೊಂಡೇ ಊರು ದಾಟಿ, ಬಸ್ಸಿನಲ್ಲಿ ಕೂತು ಬಂದಿದ್ದಳು. ಬೊಂಬೆಯ ವಿಡಿಯೋ ನೋಡುತ್ತ ಕೂತಿದ್ದ ಪೇದೆ ಅವಳನ್ನು ನೋಡಿ ಮೊಬೈಲನ್ನು ಜೇಬಿಗೆ ಇಟ್ಟುಕೊಂಡ.

ಅವಳು ತಾಯಿಯ ಪಕ್ಕ ಕುಕ್ಕರಿಸಿದಳು. ತಾಯಿಯ ಬಾತ ತುಟಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಅತ್ತುಬಿಡುತ್ತಾಳೆ ಎಂದು ಜಡೆಮ್ಮ ಅಂದುಕೊಂಡಳು.

"ಇನ್ನ ಎಷ್ಟು ಉಳದಾವ ಅವ್ವಾ?" ಎಂದು ಕಿವಿಯಲ್ಲಿ ಕೇಳಿದಳು ನಂದಿನಿ.

"ಆರು. ಸಿಂಧನೂರಾಗ. ನಾಳೆ ಅದರ ಮ್ಯಾಲೆ ಅಚ್ಚು ತೆಗಿತಾರಂತ."

ರಕ್ತದ ಪೇಪರನ್ನು ರೈಟರ್ ಸಾಕ್ಷಿಗೆಂದು ಲಕೋಟೆಗೆ ಹಾಕಿದ್ದ. ಸೆರಗಿನ ಗಂಟನ್ನು ಯಾರೂ ತಡಕಿರಲಿಲ್ಲ. ಜಡೆಮ್ಮ ಅದನ್ನು ಮಡಿಲಲ್ಲೇ ಬಿಚ್ಚಿದಳು. ಒಳಗೆ ಉಳಿದ ಅಕ್ಕಿ, ಅದರ ಕೆಳಗೆ ಚಿಕ್ಕದಾಗಿ ಮಡಚಿದ ಹೊಸ ಪಾಲಿಶ್ ಪೇಪರ್. ನಂದಿನಿ ಎರಡನ್ನೂ ತನ್ನ ದುಪಟ್ಟಾದ ತುದಿಗೆ ಕಟ್ಟಿಕೊಂಡು ಎದ್ದಳು. ತಾಯಿ ತಲೆ ಎತ್ತಿ ಮಗಳ ಮುಖವನ್ನು ಪೂರ್ತಿ ನೋಡಿದಳು. ಕಟ್ಟಿದ ಗಂಟನ್ನು ಒಮ್ಮೆ ಎಳೆದು ಬಿಗಿ ಮಾಡಿದಳು.

ನಂದಿನಿ ಮೇಜಿನ ಮುಂದೆ ನಿಂತಳು.

"ಸಾಹೇಬ್ರ, ಸಿಂಧನೂರಿಗೆ ಬಸ್ಸು ಎಷ್ಟೊತ್ತಿಗೈತ್ರಿ?"

ಬೊಂಬೆಗಳ ಲೆಕ್ಕ ಬರೆಯುತ್ತಿದ್ದ ರೈಟರ್ ತಲೆ ಎತ್ತದೆ, ಈಗ ಒಂದು ಬಿಡ್ತೈತಿ ನೋಡು, ಲಗೂನ ಹೋಗು ಎಂದ.